ಇಲ್ಲೂ ಅದನ್ನು ಪೆಟ್ಟಿಗೆ ಅಂತಲೇ ಕರೀತಾರೆ

ನವೆಂಬರ್ ಕೊನೆಯಲ್ಲಿ ನಮ್ಮ ಹಳ್ಳಿಯ ಅಂಗಡಿ ಬಾಗಿಲಿಗೆ ಒಂದು ಹಳದಿ ಕಾಗದ ಅಂಟಿಸಿದ್ದರು. ಶುಕ್ರವಾರ ರಾತ್ರಿ 8ಕ್ಕೆ ಹಾಲ್‌ನಲ್ಲಿ ಕೇಲಿ, ಲೈವ್ ಬ್ಯಾಂಡ್, ಮಧ್ಯೆ ಊಟ, ಲಾಟರಿ ಚೀಟಿ ಉಂಟು, ಕುಡಿಯೋದು ನೀವೇ ತನ್ನಿ.

'ನಮ್ಮ ಹಳ್ಳಿ' ಅಂದ್ರೆ ಕುಣಿಗಲ್ ಕಡೆಯದಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ, ಡಿಂಗ್‌ವಾಲ್ ಎಂಬ ಪೇಟೆಯಿಂದ ಅರ್ಧ ಗಂಟೆ ದೂರದ್ದು. ಹೆಂಡತಿಗೆ ಇನ್ವರ್ನೆಸ್‌ನ ಆಸ್ಪತ್ರೆಯಲ್ಲಿ ಕೆಲಸ. ನನಗೆ ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್. ಬಂದು ಎರಡು ವರ್ಷವಾದರೂ ಪಕ್ಕದ ಮನೆಯ ತಾತನನ್ನು ಬಿಟ್ಟರೆ ನನಗೆ ಇಲ್ಲಿ ಪರಿಚಯದವರು ಯಾರೂ ಇರಲಿಲ್ಲ. ಡಿಸೆಂಬರಿನಲ್ಲಿ ಮೂರೂವರೆಗೇ ಕತ್ತಲಾಗುವ ಊರು ಇದು. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮಾತಾಡೋಕೆ ಗೋಡೆ ಬಿಟ್ಟು ಇನ್ನೇನೂ ಸಿಗಲ್ಲ. ವಾಪಸ್ ಬೆಂಗಳೂರಿಗೆ ಹೋಗಿಬಿಡೋಣ್ವಾ ಅಂತ ತಿಂಗಳಿಗೊಮ್ಮೆ ನಾನು ಕೇಳೋದು, ಹೆಂಡತಿ ಉತ್ತರ ಕೊಡದೆ ಕುಕ್ಕರ್ ಇಡೋದು, ಇದು ರೂಢಿಯಾಗಿತ್ತು.

ಕೇಲಿಗೆ ಹೋಗಲೇಬೇಕು ಅಂತ ಹಟ ಹಿಡಿದವಳು 8 ವರ್ಷದ ಮಗಳು. ಇಲ್ಲಿನ ಶಾಲೆಗಳಲ್ಲಿ ಕ್ರಿಸ್‌ಮಸ್ ಹತ್ತಿರ ಬಂದ್ರೆ ಪಿ.ಟಿ. ಪೀರಿಯಡ್‌ನಲ್ಲಿ ಮಕ್ಕಳಿಗೆ ಈ ಕುಣಿತ ಹೇಳಿಕೊಡ್ತಾರೆ. ಗೇ ಗಾರ್ಡನ್ಸ್, ಡ್ಯಾಶಿಂಗ್ ವೈಟ್ ಸಾರ್ಜೆಂಟ್, ಸ್ಟ್ರಿಪ್ ದ ವಿಲ್ಲೋ. ಹೆಸರು ಕೇಳಿದ್ರೆ ಕುದುರೆ ರೇಸಿನ ಕುದುರೆಗಳ ಹಾಗಿದೆ, ಆದರೆ ಎಲ್ಲವೂ ಕುಣಿತಗಳೇ. ಅಂದು ಹೆಂಡತಿಗೆ ನೈಟ್ ಶಿಫ್ಟ್. ಬೇರೆ ದಾರಿ ಇಲ್ಲದೆ ನಾನೇ ಕರಕೊಂಡು ಹೋದೆ.

ಕೇಲಿ ಅನ್ನೋದು ಗೇಲಿಕ್ ಭಾಷೆಯ ಪದ. ಮೂಲದಲ್ಲಿ ಅದರ ಅರ್ಥ ಕುಣಿತವೇ ಅಲ್ಲ, ನೆರೆಮನೆಗೆ ಹೋಗಿ ಕೂತು ಬರೋದು ಅಷ್ಟೆ. ಚಳಿಗಾಲದ ರಾತ್ರಿ ಯಾರದೋ ಮನೆಯ ಒಲೆ ಮುಂದೆ ಸೇರಿ ಕಥೆ, ಹಾಡು, ಊರ ಸುದ್ದಿ. (ನಮ್ಮ 'ಕೇಳಿ' ಅನ್ನೋ ಪದಕ್ಕೂ ಆಟ, ವಿನೋದ ಅಂತಲೇ ಅರ್ಥ. ಎರಡಕ್ಕೂ ಸಂಬಂಧ ಏನಿಲ್ಲ, ನನಗೆ ಖುಷಿಯಾಯ್ತು ಅಂತ ಹೇಳಿದೆ.)

ಹಾಲ್ ಅಂದ್ರೆ ದೊಡ್ಡ ಕಟ್ಟಡ ಅಂದ್ಕೋಬೇಡಿ. ತಗಡಿನ ಮಾಡು, ಮರದ ನೆಲ, ಒಂದು ತುದಿಗೆ ಮೊಣಕಾಲೆತ್ತರದ ಸ್ಟೇಜು, ಇನ್ನೊಂದು ತುದಿಗೆ ಚಹಾ ಕಾಯಿಸುವ ಅಡುಗೆಮನೆ. ಸ್ಟೇಜಿನ ಮೇಲೆ ನಾಲ್ಕು ಜನ. ಒಂದು ಪಿಟೀಲು, ಒಂದು ಕೀಬೋರ್ಡ್, ಒಂದು ಡ್ರಮ್ ಸೆಟ್ಟು, ನಡುವೆ ಅಕಾರ್ಡಿಯನ್ ಎದೆಗೆ ಕಟ್ಟಿಕೊಂಡ ಐವತ್ತರ ಆಸುಪಾಸಿನ ಗಂಡಸು. ಗೋಡೆ ಪಕ್ಕ ಸಾಲಾಗಿ ಕುರ್ಚಿ. ಮಗಳ ಶಾಲೆಯ ಅರ್ಧ ಜನ ಅಲ್ಲೇ ಇದ್ದರು. ನಾನು ಬಾಗಿಲ ಹತ್ತಿರದ ಕುರ್ಚಿ ಹಿಡಿದು ಫೋನ್ ತೆಗೆದೆ.

ಕುಣಿತ ಶುರುವಾಗುವ ಮುಂಚೆ ಬ್ಯಾಂಡ್‌ನವರು ಒಂದು ಉದ್ದನೆಯ ಸ್ವರ ಹಿಡೀತಾರೆ. ಅದು ಕೇಳಿದ ಕೂಡಲೇ ಎಲ್ಲರೂ ಜೋಡಿ ನಿಂತು ತಲೆ ಬಾಗಿಸಬೇಕು, ಆಮೇಲೆ ಹೆಜ್ಜೆ. ಆ ಸ್ವರ ಬಂತು ನೋಡಿ.

ನಾನು ಎದ್ದು ಹೊರಗೆ ಹೋದೆ.

ಯಾಕೆ ಅಂತ ಹೇಳಬೇಕಾದ್ರೆ ಅಪ್ಪನ ವಿಷಯ ಹೇಳಬೇಕು. ನಮ್ಮಪ್ಪ ಹಾರ್ಮೋನಿಯಂ ಮೇಷ್ಟ್ರು. ಕುಣಿಗಲ್, ಮಾಗಡಿ, ನಾಗಮಂಗಲ ಸುತ್ತಮುತ್ತ ಯಾವ ಊರಲ್ಲಿ 'ಕುರುಕ್ಷೇತ್ರ' ಆಡಿದರೂ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡಿಸೋರು. ಗದ್ದೆ ಕೆಲಸ ಮುಗಿಸಿ ಬಂದ ಭೀಮನಿಗೆ, ಕಿರಾಣಿ ಅಂಗಡಿ ಮುಚ್ಚಿ ಬಂದ ದುರ್ಯೋಧನನಿಗೆ ಹಾಡು ಹೇಳಿಕೊಡೋದು. ಸೀನರಿಗೆ ಬಾಡಿಗೆ ಕೊಟ್ಟು, ಡ್ರೆಸ್ಸಿನವರಿಗೆ ಕೊಟ್ಟು, ಕೊನೆಗೆ ಮಿಕ್ಕಿದ್ದು ಮೇಷ್ಟ್ರಿಗೆ. ಒಮ್ಮೊಮ್ಮೆ ದುಡ್ಡಿನ ಬದಲು ಎರಡು ಮೂಟೆ ರಾಗಿ. ನಾಟಕದ ರಾತ್ರಿ ಬೆಳಗಿನ ಜಾವದವರೆಗೂ ಅಪ್ಪ ಕಾಲಲ್ಲಿ ತಿದಿ ಒತ್ತುತ್ತಾ ಕೂತಿರೋರು. ನಾನು ಪಿಯುಸಿಗೆ ತುಮಕೂರಿಗೆ ಬಂದಾಗ ಹಾಸ್ಟೆಲ್‌ನಲ್ಲಿ 'ಫಾದರ್ ಮ್ಯೂಸಿಕ್ ಟೀಚರ್' ಅಂತ ಹೇಳಿಕೊಂಡೆ. ಮುಂದೆ ಬೆಂಗಳೂರಲ್ಲಿ ಅದನ್ನೂ ಹೇಳೋದು ಬಿಟ್ಟೆ. ಅಪ್ಪ ಒಂದು ಸಲ ನನ್ನ ರೂಮಿಗೆ ಬಂದವರು, ಪೆಟ್ಟಿಗೆ ಜತೆಗಿದ್ದದ್ದಕ್ಕೆ, "ಇದನ್ಯಾಕೆ ತಂದ್ರಿ" ಅಂದಿದ್ದೆ. ಅಪ್ಪ ಏನೂ ಹೇಳಲಿಲ್ಲ. ಪೆಟ್ಟಿಗೆಗೆ ಪಂಚೆ ಹೊದಿಸಿ ಮಂಚದ ಕೆಳಗೆ ಇಟ್ಟರು.

ಅವರು ತೀರಿಕೊಂಡಾಗ ನಾನು ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಹೊರಡುವಾಗ ಅಮ್ಮನಿಗೆ, "ಆ ಪೆಟ್ಟಿಗೆ ಯಾರಿಗಾದ್ರೂ ಮಾರ್ಬಿಡಮ್ಮ" ಅಂತ ಹೇಳಿ ಬಂದೆ.

ಅಕಾರ್ಡಿಯನ್ ಒಳಗಿರೋದೂ ಹಾರ್ಮೋನಿಯಂ ಒಳಗಿರೋದೂ ಒಂದೇ ಸಾಮಾನು. ಲೋಹದ ಪುಟ್ಟ ಪುಟ್ಟ ರೀಡುಗಳು, ಅವಕ್ಕೆ ಗಾಳಿ ಊದೋಕೆ ತಿದಿ. ಒಂದನ್ನು ನೆಲದ ಮೇಲೋ ಕಾಲಿನ ಮೇಲೋ ಇಟ್ಟು ನುಡಿಸ್ತಾರೆ, ಇನ್ನೊಂದನ್ನು ಎದೆಗೆ ಕಟ್ಟಿಕೊಳ್ತಾರೆ, ಅಷ್ಟೇ ವ್ಯತ್ಯಾಸ. ಓದಿ ಗೊತ್ತಿತ್ತು. ಆದರೆ ಎರಡು ವರ್ಷದಿಂದ ಕೇಳದ ಶ್ರುತಿ ಒಂದು ತಗಡಿನ ಶೆಡ್ಡಿನಲ್ಲಿ ಮೈಮೇಲೆ ಬೀಳುತ್ತೆ ಅಂತ ಗೊತ್ತಿರಲಿಲ್ಲ.

ಹೊರಗೆ ಪಕ್ಕದ ಮನೆಯ ತಾತ ನಿಂತಿದ್ದರು. ಎಂಬತ್ತು ದಾಟಿದವರು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೀತಾರೆ, ನನಗೆ ಬಾಯೇ ಬರಲ್ಲ. ಹಾಗಾಗಿ ಇಲ್ಲೂ ತಾತ ಅಂತಲೇ ಬರೀತೀನಿ. ಅವರು ನನ್ನನ್ನು ಕರೆಯೋದು 'ಲ್ಯಾಡ್' ಅಂತ. ನಮ್ಮ ಕಡೆಯ 'ಮಗಾ' ಇದ್ದ ಹಾಗೆ.

"ಏನು, ಒಳಗೆ ಸೆಕೆನಾ?" ಅಂದ್ರು. ಹೊರಗೆ ಮೈನಸ್ ಎರಡು ಡಿಗ್ರಿ.

ಅಪ್ಪನ ವಿಷಯ ಯಾರಿಗೂ ಹೇಳದವನು ಅವರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಓ, ಹಾಗಾದ್ರೆ ನಿಮ್ಮಪ್ಪ ಬಾಕ್ಸ್ ಪ್ಲೇಯರ್ರು" ಅಂದರು. ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಇಲ್ಲಿಯವರು ಅಕಾರ್ಡಿಯನ್‌ಗೆ ಆಡುಮಾತಲ್ಲಿ ಹೇಳೋದು 'ದ ಬಾಕ್ಸ್' ಅಂತ. ಪೆಟ್ಟಿಗೆ! ಅಪ್ಪನ ಜತೆಯವರೂ "ಮೇಷ್ಟ್ರೇ, ಪೆಟ್ಟಿಗೆ ತಂದಿದ್ದೀರಾ" ಅಂತಲೇ ಕೇಳ್ತಿದ್ದದ್ದು.

ತಾತ ಪ್ರಾಯದಲ್ಲಿ ಒಂದು ಡಾನ್ಸ್ ಬ್ಯಾಂಡ್‌ನಲ್ಲಿ ಡ್ರಮ್ ಬಾರಿಸ್ತಿದ್ದರಂತೆ. ಹಗಲು ಹೊಲದ ಕೆಲಸ, ಶುಕ್ರವಾರ ಶನಿವಾರ ವ್ಯಾನಿನಲ್ಲಿ ಊರೂರು. ಒಂದೇ ವಾಹನ ಹೋಗುವಷ್ಟು ಅಗಲದ ಹಿಮದ ರಸ್ತೆ, ಹಿಂದೆ ಡ್ರಮ್ಮು, ಮಡಿಲಲ್ಲಿ ಪೆಟ್ಟಿಗೆ. ಶನಿವಾರದ ಕುಣಿತ ಹನ್ನೆರಡರೊಳಗೆ ಮುಗೀಬೇಕು, ಭಾನುವಾರ ದೇವರ ದಿನ. ಹಾಗಾಗಿ ಬೆಳಗಾಗೋವರೆಗೆ ಕುಣಿಯೋರಿಗೆ ಶುಕ್ರವಾರವೇ ಒಳ್ಳೇದು. ಬ್ಯಾಂಡ್ ಬರುವ ಮೊದಲು ನೆಲಕ್ಕೆ ಜಾರೋ ಪುಡಿ ಎರಚಿ, ಹುಡುಗರನ್ನು ಗೋಣಿಚೀಲದ ಮೇಲೆ ಕೂರಿಸಿ ಆ ತುದಿಯಿಂದ ಈ ತುದಿಗೆ ಎಳೆದು ನೆಲ ನುಣುಪು ಮಾಡೋರು. ಹುಡುಗಿಯರು ಒಂದು ಗೋಡೆಗೆ, ಹುಡುಗರು ಬಾಗಿಲ ಹತ್ತಿರ. ಹಾಲ್‌ನಲ್ಲಿ ಮದ್ಯ ಇಲ್ಲ, ಆದರೆ ಹೊರಗೆ ನಿಂತ ಬಸ್ಸಿನಲ್ಲಿ ಇರುತ್ತೆ. "ಆ ನೆಲ ದಾಟಿ ಹೋಗಿ ಒಬ್ಬಳನ್ನು ಕುಣಿಯೋಕೆ ಕರೆಯೋದಿದೆಯಲ್ಲ, ಅಷ್ಟು ಉದ್ದದ ದಾರಿ ನಾನು ಜೀವಮಾನದಲ್ಲಿ ನಡೆದಿಲ್ಲ" ಅಂದರು. ಅವಳು ಒಲ್ಲೆ ಅಂದ್ರೆ ವಾಪಸ್ ಬರೋದು ಇನ್ನೂ ಉದ್ದ.

ಬರೀ ಕುಣಿತವಲ್ಲ. ಎಷ್ಟೋ ಊರುಗಳಲ್ಲಿ ಮೊದಲು 'ಕಾನ್ಸರ್ಟ್', ಆಮೇಲೆ ಡಾನ್ಸು. ಒಬ್ಬ ಹಾಡೋನು, ಒಬ್ಬ ನಗಿಸೋನು, ಒಬ್ಬ ಜಾದೂಗಾರ, ಕಿಲ್ಟ್ ಹಾಕಿ ಕುಣಿಯೋ ಪುಟ್ಟ ಹುಡುಗಿ. ಅದು ಮುಗಿದ ಮೇಲೆ ಕುರ್ಚಿಗಳನ್ನು ಗೋಡೆಗೆ ತಳ್ಳಿ ನೆಲ ಖಾಲಿ ಮಾಡೋದು. ಲೂಯಿಸ್ ದ್ವೀಪದ ಕ್ಯಾಲಮ್ ಕೆನಡಿ ಎಂಬ ಗೇಲಿಕ್ ಗಾಯಕ ಇಂಥ ತಂಡ ಕಟ್ಟಿಕೊಂಡು ಈ ಸೀಮೆಯ ಹಾಲ್‌ಗಳನ್ನೆಲ್ಲ ಸುತ್ತಿದವರು. ಟಿವಿಯಲ್ಲೂ 1958ರಿಂದ ಹತ್ತು ವರ್ಷ ಬಿಬಿಸಿಯ 'ವೈಟ್ ಹೆದರ್ ಕ್ಲಬ್' ಇದನ್ನೇ ತೋರಿಸಿತು, ಹಾಲ್‌ಗಿಂತ ಸ್ವಲ್ಪ ಜಾಸ್ತಿ ಪೌಡರ್ ಹಚ್ಚಿ.

ಇವರೆಲ್ಲರ ದೇವರು ಜಿಮ್ಮಿ ಶ್ಯಾಂಡ್. 1908ರಲ್ಲಿ ಫೈಫ್‌ನ ಗಣಿ ಕೆಲಸಗಾರರ ಊರಲ್ಲಿ ಹುಟ್ಟಿ, ತಾನೂ ಹುಡುಗನಾಗಿದ್ದಾಗಲೇ ಗಣಿಗಿಳಿದು, ಮುಂದೆ ಪೆಟ್ಟಿಗೆಯಿಂದಲೇ ಬದುಕಿದ ಮನುಷ್ಯ. 1955ರಲ್ಲಿ ಅವರ 'ಬ್ಲೂಬೆಲ್ ಪೋಲ್ಕಾ' ಬ್ರಿಟನ್ನಿನ ಪಾಪ್ ಪಟ್ಟಿಗೇ ಏರಿತು. 1999ರಲ್ಲಿ ಸರ್ ಪದವಿ ಬಂತು. ಹಳೆಯ ವಿಡಿಯೋಗಳನ್ನು ಯೂಟ್ಯೂಬ್‌ನಲ್ಲಿ ನೋಡಿ. ಮುಂದಿರೋರೆಲ್ಲ ಗಿರಗಿರ ತಿರುಗ್ತಿದ್ರೂ ಈತನ ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ. ನಮ್ಮಪ್ಪನೂ ಹಾಗೇ. ಸ್ಟೇಜಿನ ಮೇಲೆ ಅಭಿಮನ್ಯು ಸತ್ತರೂ ಅಷ್ಟೇ, ಶಕುನಿ ಜನರನ್ನು ಬಿದ್ದು ಬಿದ್ದು ನಗಿಸಿದರೂ ಅಷ್ಟೇ.

ತಾತನ ಅತ್ಯಂತ ಪ್ರೀತಿಯ ಕಥೆ ಬೇರೆ ಇದೆ. 1963ರ ಜನವರಿ 4, ಶುಕ್ರವಾರ. ಲಿವರ್‌ಪೂಲ್‌ನಿಂದ ನಾಲ್ಕು ಹುಡುಗರ ಗುಂಪೊಂದು ಡಿಂಗ್‌ವಾಲ್ ಟೌನ್ ಹಾಲ್‌ಗೆ ಬಂದಿತ್ತು. ಅದೇ ರಾತ್ರಿ ಎಂಟು ಕಿಲೋಮೀಟರ್ ಆಚೆ ಸ್ಟ್ರಾತ್‌ಪೆಫರ್ ಊರಿನ ಪೆವಿಲಿಯನ್‌ನಲ್ಲಿ ಮೆಲೋಟೋನ್ಸ್ ಎಂಬ ಬ್ಯಾಂಡ್. ಜನ ಮೆಲೋಟೋನ್ಸ್ ಕಡೆಗೆ ಹೋದರು. ಲಿವರ್‌ಪೂಲ್ ಹುಡುಗರ ಮುಂದೆ ಕೂತಿದ್ದದ್ದು 19 ಜನ ಅಂತ ಇಲ್ಲಿಯವರು ಹೇಳ್ತಾರೆ. ಆ ಹುಡುಗರು ಬೀಟಲ್ಸ್.

"ನೀವು ಎಲ್ಲಿದ್ರಿ?" ಅಂದೆ.

"ಸ್ಟ್ರಾತ್‌ಪೆಫರ್‌ನಲ್ಲಿ! ಈ ಊರಲ್ಲಿ ನನ್ನ ವಯಸ್ಸಿನ ಯಾರನ್ನಾದ್ರೂ ಕೇಳು, ಡಿಂಗ್‌ವಾಲ್‌ನಲ್ಲಿದ್ದೆ ಅಂತಾರೆ. ಆ 19 ಜನ ಈಗ ಇನ್ನೂರು ಆಗಿದ್ದಾರೆ. ನಾನೊಬ್ಬನೇ ನಿಜ ಹೇಳೋದು." ಪಶ್ಚಾತ್ತಾಪ ಇಲ್ವಾ ಅಂದ್ರೆ, "ಇಲ್ಲ, ಅವತ್ತೇ ನನ್ನ ಹೆಂಡತಿ ಸಿಕ್ಕಿದ್ದು" ಅಂದರು.

(ಬ್ಲೂಬೆಲ್ ಪೋಲ್ಕಾ ರೆಕಾರ್ಡ್ ಮಾಡಿಸಿದ್ದೂ ಬೀಟಲ್ಸ್‌ನ ರೆಕಾರ್ಡ್ ಮಾಡಿಸಿದ್ದೂ ಒಬ್ಬರೇ, ಜಾರ್ಜ್ ಮಾರ್ಟಿನ್. ಇದು ತಾತನಿಗೆ ಗೊತ್ತಿರಲಿಲ್ಲ. ಮರುದಿನ ಹೇಳಿದಾಗ ಎರಡು ನಿಮಿಷ ಮಾತಾಡಲಿಲ್ಲ.)

ಆಮೇಲೆ ಗಿಟಾರ್ ಗುಂಪುಗಳು ಬಂದವು, ಡಿಸ್ಕೋ ಬಂತು, ಮನೆಮನೆಗೆ ಟಿವಿ ಬಂತು. ತಾತನ ಬ್ಯಾಂಡ್ ಒಡೆಯಿತು. ಅವರ ಪೆಟ್ಟಿಗೆಯವನು ತೀರಿಕೊಂಡು ವರ್ಷಗಳಾದವು. "ಅವನ ಬಾಕ್ಸ್ ಮಕ್ಕಳು ಯಾರಿಗೋ ಮಾರಿದ್ರು. ನಾನು ಕೇಳಬೇಕಿತ್ತು, ಕೇಳಲಿಲ್ಲ. ಯಾರದೋ ಅಟ್ಟದ ಮೇಲಿದ್ರೆ ಮುಗೀತು. ಬಾರಿಸದೇ ಇಟ್ರೆ ರೀಡ್ ಹಾಳು, ತಿದಿ ಹಾಳು."

ಅಷ್ಟರಲ್ಲಿ ಮಗಳು ಬೆವೆತ ಮುಖ ಹೊತ್ತು ಓಡಿ ಬಂದಳು. "ಅಪ್ಪಾ, ಮೂರು ಜನ ಬೇಕು, ಬೇಗ!"

ಡ್ಯಾಶಿಂಗ್ ವೈಟ್ ಸಾರ್ಜೆಂಟ್‌ಗೆ ಜೋಡಿ ಬೇಡ, ಮೂವರ ಸಾಲು ಸಾಕು. ಎದುರಿಗೆ ಇನ್ನೊಂದು ಮೂವರ ಸಾಲು. ಆರೂ ಜನ ಕೈ ಹಿಡಿದು ಎಂಟು ಎಣಿಸುವವರೆಗೆ ಎಡಕ್ಕೆ, ಎಂಟು ಎಣಿಸುವವರೆಗೆ ಬಲಕ್ಕೆ. ಆಮೇಲೆ ನಡುವೆ ನಿಂತವರು ಒಮ್ಮೆ ಈಚೆಯವರನ್ನು, ಒಮ್ಮೆ ಆಚೆಯವರನ್ನು ತಿರುಗಿಸಬೇಕು. ಆಮೇಲೆ ಮೂವರೂ ಒಬ್ಬರನ್ನೊಬ್ಬರು ಸುತ್ತಿ ಎಂಟಂಕಿ ಬರೀಬೇಕು. ಕೊನೆಗೆ ಎದುರಿನವರ ಕಡೆ ಕಾಲು ಅಪ್ಪಳಿಸಿ ಹೋಗಿ, ಹಿಂದೆ ಬಂದು, ಅವರು ಎತ್ತಿದ ಕೈಗಳ ಕೆಳಗೆ ನುಸುಳಿದರೆ ಮುಂದೆ ಹೊಸ ಮೂವರು. ಮತ್ತೆ ಮೊದಲಿಂದ. ಹೀಗೆ ಹಾಲ್ ಪೂರ್ತಿ ಸುತ್ತು.

ಮಗಳು ನಡುವೆ, ನಾನು ಒಂದು ಕಡೆ, ತಾತ ಇನ್ನೊಂದು ಕಡೆ. ನಾನು ಎಡಕ್ಕೆ ಅಂದ್ರೆ ಬಲಕ್ಕೆ ಹೋದೆ. ಎಂಟಂಕಿ ಬರೆಯೋ ಕಡೆ ಸೊನ್ನೆ ಬರೆದೆ. ಯಾರೂ ಬೈಯಲಿಲ್ಲ, ಭುಜ ಹಿಡಿದು ಸರಿಯಾದ ಕಡೆ ತಳ್ಳಿದರು. ಪೋಸ್ಟ್ ತರುವ ಹೆಂಗಸು, ಮಗಳ ಟೀಚರ್, ಎರಡು ವರ್ಷದಿಂದ ರಸ್ತೆಯಲ್ಲಿ ತಲೆಯಾಡಿಸಿ ಹೋಗುವ ಕುರಿ ಸಾಕೋ ಮನುಷ್ಯ, ಎಲ್ಲರ ಅಂಗೈನೂ ಹತ್ತು ನಿಮಿಷದಲ್ಲಿ ಹಿಡಿದಾಗಿತ್ತು. ಕುರಿಯವನ ಕೈ ಮರಳು ಕಾಗದದಂತೆ. ಅವನೇ ತನ್ನ ಹೆಸರು ಹೇಳಿದ, ಹೋಗೋ ವೇಗದಲ್ಲಿ ನನಗೆ ಕೇಳಿಸಲಿಲ್ಲ, ಇನ್ನೊಂದು ಸುತ್ತು ಬಂದಾಗ ಮತ್ತೆ ಕೂಗಿ ಹೇಳಿದ.

ಊಟಕ್ಕೆ ಬಿಟ್ಟಾಗ ಸ್ಟೋವೀಸ್. ಆಲೂಗಡ್ಡೆ, ಈರುಳ್ಳಿ, ಮಿಕ್ಕ ಮಾಂಸ ಹಾಕಿ ಬೇಯಿಸಿದ್ದು. ಒಂದು ಹಸಿಮೆಣಸಿನಕಾಯಿ ಇದ್ದಿದ್ರೆ ಚೆನ್ನಾಗಿತ್ತು. ಆ ಬಿಡುವಿನಲ್ಲೇ ವೆರೈಟಿ. ಒಬ್ಬ ಹುಡುಗಿ ಪಿಟೀಲು ನುಡಿಸಿದಳು, ಒಬ್ಬ ರೈತ ಪಕ್ಕದೂರಿನವರ ಮೇಲೆ ಜೋಕ್ ಹೇಳಿದ, ಒಬ್ಬ ಅಜ್ಜಿ ಗೇಲಿಕ್‌ನಲ್ಲಿ ಹಾಡಿದಾಗ ಅಡುಗೆಮನೆಯವರೂ ತಟ್ಟೆ ಸದ್ದು ನಿಲ್ಲಿಸಿದರು. ಲಾಟರಿಯಲ್ಲಿ ನನಗೆ ಬಂದದ್ದು ಒಂದು ಡಬ್ಬಿ ಬಿಸ್ಕತ್ತು.

ಕೊನೆಯ ವಾಲ್ಟ್ಸ್ ಆದ ಮೇಲೆ ಬ್ಯಾಂಡ್‌ನವರು ಸಾಮಾನು ಕಟ್ಟುತ್ತಿದ್ದಾಗ ತಾತ ನನ್ನನ್ನು ಸ್ಟೇಜಿಗೆ ಎಳೆದುಕೊಂಡು ಹೋಗಿ, "ಇವನ ತಂದೆ ಬಾಕ್ಸ್ ಪ್ಲೇಯರ್" ಅಂತ ಪರಿಚಯ ಮಾಡಿಸಿದರು. ಆತ, "ಹೌದಾ? ಯಾವ ಬ್ಯಾಂಡ್?" ಅಂದ. ನಾನು ಮೊದಲ ಸಲ ಪೂರ್ತಿ ಹೇಳಿದೆ. ರಾತ್ರಿಯಿಡೀ ನಾಟಕ, ಕಾಲಲ್ಲಿ ಒತ್ತೋ ತಿದಿ, ರಾಗಿ ಮೂಟೆ ಎಲ್ಲ. "ಬೆಳಗಿನವರೆಗಾ?" ಅಂತ ಕೇಳಿ, ಡ್ರಮ್ಮಿನವನನ್ನೂ ಕರೆದು ಮತ್ತೊಮ್ಮೆ ಹೇಳಿಸಿದ.

ಮನೆಗೆ ಬಂದಾಗ ನಮ್ಮೂರಲ್ಲಿ ಬೆಳಗಾಗಿತ್ತು. ಅಮ್ಮನಿಗೆ ಫೋನ್ ಮಾಡಿದೆ.

"ಪೆಟ್ಟಿಗೆ ಮಾರಿದ್ಯಾ?"

"ಎಲ್ಲಿ ಮಾರ್ಲಿ, ಅಟ್ಟದ ಮ್ಯಾಲೈತೆ. ನಿಮ್ಮಪ್ಪನ ಶಿಷ್ಯ ಒಬ್ಬ ಮೂರು ಕಿತಾ ಬಂದು ಕೇಳ್ದ. ಶಿವರಾತ್ರಿಗೆ ನಾಟ್ಕ ಆಡ್ತಾರಂತೆ."

"ಮಾರ್ಬೇಡ. ಅವನಿಗೆ ಬಾರಿಸೋಕೆ ಕೊಡು. ದುಡ್ಡೇನೂ ತಗೋಬೇಡಮ್ಮ."

"ಸುಮ್ಕೆ ಕೊಟ್ರೆ ಜೋಪಾನ ಮಾಡಾಕಿಲ್ಲ ಕಣ್ಲಾ. ಐನೂರು ಇಸ್ಕೊಂಡೇ ಕೊಡ್ತೀನಿ" ಅಂದ್ಲು ಅಮ್ಮ. "ಅದ್ಸರಿ, ಇಷ್ಟೊತ್ನಲ್ಲಿ ಯಾಕಿಂಗೆ ಏದುಸಿರು ಬಿಡ್ತಿದೀಯ?"