ಪಾಯಸದಲ್ಲಿ ಸಿಕ್ಕ ಬಾದಾಮಿ

ವೈಟ್‌ಫೀಲ್ಡ್ ಎಂದರೆ ಈಗಿನವರಿಗೆ ಐಟಿ ಕಂಪನಿ, ಮೆಟ್ರೊ, ಟ್ರಾಫಿಕ್ಕು. ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಸಂಜೆ ಏಳಾದರೆ ಜೀರುಂಡೆ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಹುಟ್ಟಿದ ಊರಿದು. ಡಿಸೆಂಬರ್ ಬಂತೆಂದರೆ ಇನ್ನರ್ ಸರ್ಕಲ್ಲಿನ ಹಳೆಯ ಹೆಂಚಿನ ಮನೆಗಳ ಕೇಕಿನ ವಾಸನೆ ರಸ್ತೆಗೇ ಬರುತ್ತಿತ್ತು.

ನಮ್ಮದು ಕನ್ನಡ ಕ್ರೈಸ್ತರ ಮನೆ. ಕ್ರಿಸ್‌ಮಸ್‌ಗೆ ವಾರ ಮೊದಲೇ ಎಲ್ಲರೂ ಚಾಪೆ ಹಾಸಿಕೊಂಡು ಕಲ್‌ಕಲ್ ಮಾಡಲು ಕೂರುತ್ತಿದ್ದೆವು. ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವುದು. ನಮ್ಮ ಯಜಮಾನರು ಮಾತ್ರ ಫೋರ್ಕ್ ಮುಟ್ಟುತ್ತಿರಲಿಲ್ಲ. ಪ್ರತಿವರ್ಷ ಅದಕ್ಕೆಂದೇ ಒಂದು ಹೊಸ ಬಾಚಣಿಗೆ ತರುವರು. “ಬಾಚಣಿಗೆಯ ಗೆರೆ ಫೋರ್ಕಿಗೆ ಬರೋದಿಲ್ಲ ಕಣೇ” ಎನ್ನುವರು.

ಮಗ ಕೆಲಸಕ್ಕೆಂದು ಕೋಪನ್‌ಹೇಗನ್‌ಗೆ ಹೋದವನು ಅಲ್ಲಿಯ ಹುಡುಗಿಯನ್ನೇ ಮದುವೆಯಾಗುತ್ತೇನೆಂದ. ನನಗೆ ಎರಡು ದಿನ ಊಟ ಸೇರಲಿಲ್ಲ. ಮೇಷ್ಟ್ರಾಗಿದ್ದ ಯಜಮಾನರು ನಕ್ಕುಬಿಟ್ಟರು. “ಡೆನ್ಮಾರ್ಕ್ ನಮಗೇನು ದೂರ? ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಗಿದ್ದು ಬಂಗಾಳದ ಸೆರಾಂಪುರದಲ್ಲಿ. ಆಗ ಆ ಊರು ಡೆನ್ಮಾರ್ಕಿನವರದ್ದೇ!” ಎಂದರು.

ಕಳೆದ ಜುಲೈಯಲ್ಲಿ ಅವರು ತೀರಿಕೊಂಡರು. ಈ ಸಲ ಹಬ್ಬ ಬೇಡ ಎಂದು ಮಗನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ. ಆದರೂ ಡಿಸೆಂಬರ್ 20ಕ್ಕೆ ಮೂವರೂ ಬಂದಿಳಿದರು. ಒಂಬತ್ತು ವರ್ಷದ ಮೊಮ್ಮಗಳು ಬಾಗಿಲಲ್ಲೇ, “ಅಜ್ಜಿ, ಕಲ್‌ಕಲ್ ಯಾವಾಗ?” ಎಂದಳು.

“ಈ ವರ್ಷ ಇಲ್ಲ ಮಗಾ.”

ಅವಳು ಮಾತಾಡಲಿಲ್ಲ. ಪೆಟ್ಟಿಗೆಯಿಂದ ಕೆಂಪು, ಬಿಳಿ ಕಾಗದ ತೆಗೆದು ಚಾಪೆ ಹೆಣೆದಂತೆ ಹೆಣೆಯತೊಡಗಿದಳು. ನೋಡುತ್ತಿದ್ದಂತೆ ಹೃದಯದಾಕಾರದ ಪುಟ್ಟ ಬುಟ್ಟಿಯಾಯಿತು. ಡೆನ್ಮಾರ್ಕಿನಲ್ಲಿ ಕ್ರಿಸ್‌ಮಸ್ ಮರಕ್ಕೆ ಇದನ್ನೇ ತೂಗುಹಾಕುತ್ತಾರೆ. ಮಕ್ಕಳೇ, ಕುರೂಪಿ ಬಾತುಮರಿಯ ಕತೆ ಓದಿದ್ದೀರಲ್ಲ? ಅದನ್ನು ಬರೆದ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ 1860ರ ಸುಮಾರಿಗೆ ಹೆಣೆದ ಇಂಥದೊಂದು ಹೃದಯ ಇಂದಿಗೂ ಉಳಿದಿದೆ.

ಅವರಲ್ಲಿ ಹಬ್ಬದೂಟ 24ರ ಸಂಜೆಯೇ. ಸೊಸೆ ಅಕ್ಕಿಯನ್ನು ಹಾಲಿನಲ್ಲಿ ಬೇಯಿಸಿ, ತಣಿಸಿ, ಕೆನೆ ಮತ್ತು ಬಾದಾಮಿ ಚೂರು ಬೆರೆಸಿದಳು. ಮೇಲೆ ಚೆರ್ರಿ ಹಣ್ಣಿನ ರಸ. ಅದರ ಹೆಸರು ರಿಸಲಮಾಂಗ್ ಅಂತೆ. ನನ್ನ ಪಾಲಿಗೆ ತಣ್ಣಗಿನ ಅಕ್ಕಿ ಪಾಯಸ! ಅದರೊಳಗೆ ಒಂದೇ ಒಂದು ಇಡೀ ಬಾದಾಮಿ ಬಚ್ಚಿಡುತ್ತಾರೆ. ಸಿಕ್ಕವರಿಗೆ ಬಹುಮಾನ. ಆದರೆ ಸಿಕ್ಕವರು ಕೂಡಲೇ ಹೇಳಬಾರದು, ಬಾಯಲ್ಲೇ ಅಡಗಿಸಿಟ್ಟುಕೊಳ್ಳಬೇಕು. ಉಳಿದವರು ಪಾತ್ರೆ ಖಾಲಿಯಾಗುವವರೆಗೆ ಹುಡುಕುತ್ತಾ ತಿನ್ನುತ್ತಲೇ ಇರಬೇಕು.

ಎರಡನೇ ಚಮಚಕ್ಕೇ ಅದು ನನ್ನ ಹಲ್ಲಿಗೆ ತಾಕಿತು. ಮೆಲ್ಲಗೆ ಕೆನ್ನೆಯೊಳಗೆ ಸರಿಸಿಕೊಂಡೆ.

“ಅಮ್ಮಾ, ನಿಂಗೇನಾದ್ರೂ ಸಿಕ್ತಾ?” ಎಂದ ಮಗ. ಇಲ್ಲವೆಂದು ತಲೆಯಾಡಿಸಿದೆ.

ಐದು ತಿಂಗಳಿಂದ ನಾನೊಬ್ಬಳೇ ಕೂತು ಉಂಡ ಮೇಜು ಅದು. ನಾನು ಬಾಯಿಬಿಟ್ಟರೆ ಆಟ ಮುಗಿಯುತ್ತದೆ, ಎಲ್ಲರೂ ಎದ್ದುಬಿಡುತ್ತಾರೆ. ಅದಕ್ಕೇ ಸುಮ್ಮನಿದ್ದೆ. ಮಗ ಅಪ್ಪನ ಹಳೆಯ ಕತೆಗಳನ್ನು ತೆಗೆದ. ಸೊಸೆಗೆ ನಗು ತಡೆಯಲಾಗಲಿಲ್ಲ. ಜುಲೈ ನಂತರ ಆ ಮನೆಯಲ್ಲಿ ಯಾರೂ ಅವರ ಹೆಸರೆತ್ತಿ ನಕ್ಕಿರಲಿಲ್ಲ. ಪಾತ್ರೆಯ ತಳ ಕಂಡಾಗ ಮೊಮ್ಮಗಳು ಬಂದು ನನ್ನ ಕೆನ್ನೆ ಒತ್ತಿ, “ಅಜ್ಜೀ, ಮೋಸ!” ಎಂದು ಕೂಗಿಕೊಂಡಳು.

ಅಲ್ಲಿ ಬಹುಮಾನವಾಗಿ ಬಾದಾಮಿ ಮಿಠಾಯಿಯ ಹಂದಿಮರಿ ಕೊಡುತ್ತಾರೆ. ನನಗೆ ಸಿಕ್ಕಿದ್ದು ಕಾಗದ ಸುತ್ತಿದ ಉದ್ದನೆಯ ಪೊಟ್ಟಣ. ಬಿಚ್ಚಿದರೆ ಹೊಸ ಬಾಚಣಿಗೆ! ಅಪ್ಪನ ಜೊತೆ ಕಾಡುಗೋಡಿ ಅಂಗಡಿಗೆ ಹೋಗಿ ಅವಳೇ ಆರಿಸಿ ತಂದದ್ದಂತೆ.

ಆಮೇಲೆ ಕುಂಡದ ಮರದ ಸುತ್ತ ಕೈ ಕೈ ಹಿಡಿದು ಹಾಡುತ್ತಾ ಕುಣಿದರು. ಅದೂ ಅಲ್ಲಿಯ ಪದ್ಧತಿಯೇ. ಮಂಡಿ ನೋವೆಂದರೂ ನನ್ನನ್ನು ಬಿಡಲಿಲ್ಲ.

25ರ ಬೆಳಿಗ್ಗೆ ಚರ್ಚಿನಿಂದ ಬಂದವಳೇ ಹಿಟ್ಟು ಕಲಸಿದೆ. ಮೊಮ್ಮಗಳು ಬಾಚಣಿಗೆ ಹಿಡಿದಳು. ಅವಳ ಗೆರೆಗಳೆಲ್ಲ ಸೊಟ್ಟ. ಒಂದು ಡಬ್ಬಿ ಕಲ್‌ಕಲ್ ಅವಳ ಜೊತೆ ವಿಮಾನ ಹತ್ತಿತು. ಬಾಚಣಿಗೆಯನ್ನು ಮಾತ್ರ ನನ್ನ ಹತ್ತಿರವೇ ಇಟ್ಟು ಹೋಗಿದ್ದಾಳೆ, ಬರುವ ಡಿಸೆಂಬರ್‌ಗೆ ಬೇಕಂತೆ.