ಮಗನ ಹಿತ್ತಲಿನ ಪೆಲೆಟ್ ಗ್ರಿಲ್

ಈ ಸಲ ತೋಟದ ವಿಷಯ ಅಲ್ಲ, ಹೂಸ್ಟನ್‌ನಲ್ಲಿರೋ ಮಗನ ಹಿತ್ತಲಿಂದು. ಮಾಂಸಕ್ಕೆ ಹೊಗೆ ಕೊಡೋಕೆ ಅವನು ಪೆಲೆಟ್ ಗ್ರಿಲ್ ಇಟ್ಟಿದ್ದ. ಮರದ ಪುಡಿ ಒತ್ತಿ ಮಾಡಿದ ಗುಳಿಗೆಯನ್ನ ಒಂದು ಉದ್ದ ತಿರುಪು ಡಬ್ಬದಿಂದ ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತೆ, ಫ್ಯಾನ್ ಗಾಳಿ ಊದುತ್ತೆ. "225 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಮಲಗೋದಷ್ಟೇ ಅಪ್ಪ" ಅಂದ.

ಮೊಮ್ಮಗಳ ಹುಟ್ಟುಹಬ್ಬದ ಹಿಂದಿನ ರಾತ್ರಿ ಹಂದಿ ಮಾಂಸ ಇಟ್ಟು ಮಲಗಿದ್ವಿ. ಬೆಳಿಗ್ಗೆ ಮುಟ್ಟಿದ್ರೆ ತಣ್ಣಗಿದೆ! ಬೆಂಕಿ ಯಾವಾಗ ಆರಿತ್ತೋ. ಅಂಥ ಮಾಂಸ ಮಕ್ಕಳಿಗೆ ಬಡಿಸೋಕಾಗುತ್ತಾ? ಅಷ್ಟನ್ನೂ ಎಸೆದ್ವಿ. ಸೊಸೆ ಮುಖ ನೋಡೋಕಾಗಲಿಲ್ಲ.

ಡಬ್ಬ ಬಿಚ್ಚಿದೆ. ಮುಚ್ಚಳ ಸರಿಯಾಗಿ ಕೂರ್ತಿರಲಿಲ್ಲ. ಹೂಸ್ಟನ್ ನಮ್ಮ ಕರಾವಳಿ ಹಾಗೆ ಬೆವರೋ ಊರು. ಗುಳಿಗೆ ತೇವ ಹೀರಿ, ಉಬ್ಬಿ, ತಿರುಪಿಗೆ ಗಾರೆ ಥರ ಕಚ್ಚಿಕೊಂಡಿತ್ತು. ಕಾಫಿ ಒಣಗಿದೆಯಾ ಅಂತ ಬೀಜ ಕಚ್ಚಿ ನೋಡ್ತೀವಲ್ಲ, ಹಾಗೇ ಇದನ್ನೂ ಮುರಿದು ನೋಡಬೇಕು. ಟಕ್ ಅಂತ ಮುರೀಬೇಕು, ಪುಡಿ ಉದುರಬಾರದು.

ಹೊಸದು ತರೋಕೆ ನಾನೂ ಹೋದೆ. ಅವನು ಫೋನಿಂದ ನಡೆಸೋ ವೈಫೈ ನೋಡ್ತಿದ್ದ, ನಾನು ಬಗ್ಗಿ ಅಡಿ ನೋಡ್ದೆ. ಮುಚ್ಚಳ ಬಿಗಿ ಇದೆಯಾ? ಉಳಿದ ಗುಳಿಗೆ ಕೆಳಗಿಂದ ಖಾಲಿ ಮಾಡೋಕೆ ಬಾಗಿಲಿದೆಯಾ? ತಿರುಪು ನಾವೇ ಬಿಚ್ಚಬಹುದಾ? ಬೆಂಕಿ ಹೊತ್ತಿಸೋ ಕಡ್ಡಿ ಕೆಟ್ರೆ ಬಿಡಿಯಾಗಿ ಸಿಗುತ್ತಾ? ಇವೆಲ್ಲ ಇದ್ದದ್ದು ಒಂದು ಸೈಜು ಚಿಕ್ಕದರಲ್ಲಿ. ಅದನ್ನೇ ತಂದ್ವಿ. ಗುಳಿಗೆಗೆ ಬಿಗಿ ಮುಚ್ಚಳದ ಬಕೆಟ್ಟೂ ತಂದೆ.

ಮೊನ್ನೆ ಫೋನ್ ಮಾಡಿದ್ದ. ರಾತ್ರಿಯೆಲ್ಲ ಆರದೆ ಉರಿದಿದೆಯಂತೆ. ಹೊಗೆ ವಾಸನೆ ಮಾತ್ರ ನಮ್ಮ ಒಲೆ ಮೇಲಿನ ಅಟ್ಟದಷ್ಟು ಹಿಡಿಯಲ್ಲ. ಅದನ್ನ ಅವನಿಗೆ ಹೇಳಿಲ್ಲ.