ಬದುಕಿರೋರ ಲೆಕ್ಕ ಎಲ್ಲಿ?

2025ರ ಜೂನ್‌ನಲ್ಲಿ ಹಾಸನದ ಹೃದಯಾಘಾತದ ಸಾವುಗಳು ಒಂದರ ಹಿಂದೆ ಒಂದು ಸುದ್ದಿಯಾದವಲ್ಲ, ಆಗ ಹಾರೋಹಳ್ಳಿಯ ನಮ್ಮ ಪಿಜಿಯಲ್ಲೂ ಊಟಕ್ಕೆ ಕೂತರೆ ಅದೇ ಮಾತು, ವಾಟ್ಸಾಪ್ ಗ್ರೂಪ್‌ನಲ್ಲೂ ಅದೇ ಜಗಳ. "ವ್ಯಾಕ್ಸಿನ್ ತಗೊಂಡೋರೇ ಸಾಯ್ತಿರೋದು ಮಗಾ" ಅಂತ ಒಬ್ಬ. "ಇಂಜಿನಿಯರಿಂಗ್ ಓದಿ ಹಿಂಗಂತೀಯಲ್ಲೋ" ಅಂತ ಇನ್ನೊಬ್ಬ. ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟಿದ್ದೂ ಕಾರಣ ಇರಬಹುದು ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಸಂಬಂಧವಿಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಅಲ್ಲಿಂದ ಜಗಳ ಪಕ್ಷಗಳ ಜಗಳ ಆಯ್ತು.

ಸತ್ತವರು ಲಸಿಕೆ ತಗೊಂಡಿದ್ದರು ಅನ್ನೋದು ನಿಜವೇ ಇರಬಹುದು. ಆದರೆ ಅಷ್ಟರಿಂದಲೇ ಏನೂ ಗೊತ್ತಾಗಲ್ಲ. ದೇಶದಲ್ಲಿ ಹಾಕಿದ್ದು 220 ಕೋಟಿಗೂ ಹೆಚ್ಚು ಡೋಸ್. ನಾವು ಹತ್ತನೇ ಕ್ಲಾಸಲ್ಲಿದ್ದಾಗ, 2022ರ ಜನವರಿಯಲ್ಲಿ, ನಮ್ಮ ವಯಸ್ಸಿನವರಿಗೂ ಕೊವ್ಯಾಕ್ಸಿನ್ ಶುರುವಾಯ್ತು. ಹೆಚ್ಚುಕಮ್ಮಿ ಎಲ್ಲರೂ ತಗೊಂಡಿರುವಾಗ, ಕನಕಪುರ ರಸ್ತೆಯಲ್ಲಿ ಬೈಕಿಂದ ಬಿದ್ದವರೂ ಲಸಿಕೆ ತಗೊಂಡವರೇ ಆಗಿರ್ತಾರೆ.

ಅದಕ್ಕೇ ಹೋಲಿಕೆ ಬೇಕು. ಐಸಿಎಂಆರ್ 2023ರಲ್ಲಿ ಅದನ್ನೇ ಮಾಡಿತು. 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದೊಳಗೆ ದಿಢೀರನೆ ಸತ್ತ 729 ಜನರನ್ನು ಅದೇ ವಯಸ್ಸಿನ, ಅದೇ ಬಡಾವಣೆಯ 2,916 ಬದುಕಿರುವವರ ಜೊತೆ ಹೋಲಿಸಿತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಎರಡು ಡೋಸ್ ತಗೊಂಡವರಲ್ಲಿ ಕಮ್ಮಿಯೇ ಇತ್ತು. ಹೆಚ್ಚಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆಯಲ್ಲಿ ಇಂಥ ಸಾವು ನಡೆದಿದ್ದವರಲ್ಲಿ, ಹಿಂದಿನ ಎರಡು ದಿನದಲ್ಲಿ ಮಿತಿಮೀರಿ ಕುಡಿದವರಲ್ಲಿ. ಜಯದೇವ ಆಸ್ಪತ್ರೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯದ ಸಮಿತಿಗೂ ಲಸಿಕೆಯ ನಂಟು ಸಿಗಲಿಲ್ಲ.

ಹಾಗಂತ ಲಸಿಕೆಯಿಂದ ಯಾರಿಗೂ ಏನೂ ಆಗಿಲ್ಲ ಅನ್ನೋದೂ ಸುಳ್ಳು. ಕೋವಿಶೀಲ್ಡ್ ಥರದ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿದೆ. 2021ರಲ್ಲೇ ಅದನ್ನು ಕಂಡುಹಿಡಿದು ಹೇಳಿದವರು ಡಾಕ್ಟರುಗಳೇ. ತನ್ನ ತಪ್ಪನ್ನು ತಾನೇ ಹುಡುಕುತ್ತೆ ಅನ್ನೋ ಕಾರಣಕ್ಕೇ ನನಗೆ ಆ ಪದ್ಧತಿಯ ಮೇಲೆ ನಂಬಿಕೆ.

ಈ ಜಗಳ ನಮ್ಮ ಮನೆಗೂ ಬಂತು. ಅಪ್ಪನಿಗೆ ಬಿಪಿ ಇದೆ. "ಇಂಜೆಕ್ಷನ್ ಒಳಗೆ ಹೋಗಾಗಿದೆ, ಇನ್ನು ಮಾತ್ರೆ ನುಂಗಿ ಏನ್ ಬಂತು" ಅಂತ ಮಾತ್ರೆ ಬಿಟ್ಟಿದ್ದರು. ಫೋನಲ್ಲಿ ವಾದ ಮಾಡದೆ 729 ಜನರ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬದುಕಿರೋರೂ ಹಾಕಿಸ್ಕೊಂಡಿದ್ರಾ?" ಅಂತ ಕೇಳಿದರು. ಸಂಜೆ ಮಾತ್ರೆ ತಂದರಂತೆ.

ನಿಮ್ಮ ಗ್ರೂಪಲ್ಲೂ ಯಾರಾದರೂ ಇಂಥ ಫಾರ್ವರ್ಡ್ ಹಾಕಿದರೆ ನಗಬೇಡಿ. ಬದುಕಿರೋರ ಲೆಕ್ಕ ಎಲ್ಲಿ ಅಂತ ಕೇಳಿ. ಆಮೇಲೆ ಮನೆಗೆ ಫೋನ್ ಮಾಡಿ, ಬಿಪಿ ಮಾತ್ರೆ ತಗೊಂಡ್ರಾ ಅಂತಲೂ ಕೇಳಿ.